ಆನ್‌ಲೈನ್‌ನಲ್ಲಿ ಬುಕ್ ಮಾಡಿದ ಪ್ರವಾಸ ಕ್ಯಾನ್ಸಲ್ ಆಯ್ತಾ? ದುಡ್ಡು ವಾಪಸ್ ಕೇಳೋಕೆ ಹಾವೇರಿ ದಾಟಬೇಕಿಲ್ಲ

ಬೇಸಿಗೆ ರಜೆ, ದಸರಾ ರಜೆ ಬಂತಂದ್ರೆ ನಮ್ಮ ಜಿಲ್ಲೆಯಿಂದ ಗೋವಾ, ಗೋಕರ್ಣ, ದಾಂಡೇಲಿ, ಊಟಿ, ಕೊಡಗು ಅಂತ ಹೊರಡೋ ಕುಟುಂಬಗಳು ಬಹಳ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಇಳಿದ ಮೇಲೆ ವ್ಯಾಪಾರಿಗಳಿಗೂ ಸ್ವಲ್ಪ ಬಿಡುವು. ಮೊದಲೆಲ್ಲ ಪರಿಚಯದ ಟ್ರಾವೆಲ್ಸ್‌ನವರಿಗೆ ಹೇಳಿ, ಅಡ್ವಾನ್ಸ್ ಕೊಟ್ಟು ಹೋಗೋದಿತ್ತು. ಟೂರ್ ರದ್ದಾದ್ರೆ ಅವರ ಅಂಗಡಿ ಮುಂದೆ ನಿಂತು ಜಗಳ ಆಡಿ ಅಷ್ಟೋ ಇಷ್ಟೋ ವಾಪಸ್ ತರಬಹುದಿತ್ತು. ಈಗ ಎಲ್ಲಾ ಫೋನಲ್ಲೇ. ರೂಮು, ವಿಮಾನ, ಟ್ಯಾಕ್ಸಿ, ಪ್ಯಾಕೇಜ್ ಎಲ್ಲಾ ಬೆರಳ ತುದಿಯಲ್ಲಿ. ಕ್ಯಾನ್ಸಲ್ ಆದಾಗ ಮಾತ್ರ ಜಗಳ ಆಡೋಕೆ ಎದುರಿಗೆ ಯಾರೂ ಇರಲ್ಲ.

"ರೊಕ್ಕ ಹೋತು ಬಿಡ್ರಿ. ದಿಲ್ಲಿ ಕಡೆ ಇರೋ ಕಂಪನಿ ಮ್ಯಾಲೆ ನಾವೇನು ಕೇಸ್ ಹಾಕೋದು?" ಅಂತ ಸುಮ್ಮನಾಗುವವರೇ ಹೆಚ್ಚು. ಆದ್ರೆ ಕಾನೂನು ಹಾಗೆ ಹೇಳಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿ ಆಫೀಸು ಎಲ್ಲೇ ಇರಲಿ, ಗ್ರಾಹಕ ವಾಸ ಮಾಡುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ರಾಣೆಬೆನ್ನೂರಿನವರಾಗಲಿ, ಹಾನಗಲ್ಲಿನವರಾಗಲಿ, ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದ್ರೆ ಸಾಕು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ರೆ ದೂರಿನ ಶುಲ್ಕ ಒಂದು ರೂಪಾಯಿಯೂ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ.

ಹಾಗಂತ ಕೇಳಿದವರಿಗೆಲ್ಲಾ ಪೂರ್ತಿ ದುಡ್ಡು ಬರುತ್ತೆ ಅಂತಲ್ಲ. ಯಾವಾಗ ಬರುತ್ತೆ, ಯಾವಾಗ ಬರಲ್ಲ, ಬರದಿದ್ರೆ ಏನು ಮಾಡಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಒಂದು ಕಹಿ ಮಾತು

ನಮ್ಮ ದೇಶದಲ್ಲಿ "ಹೋಟೆಲ್ ಬುಕ್ ಮಾಡಿ ಇಷ್ಟು ದಿನದ ಒಳಗೆ ಮನಸ್ಸು ಬದಲಾಯಿಸಿದ್ರೆ ಪೂರ್ತಿ ಹಣ ವಾಪಸ್" ಅಂತ ಎಲ್ಲರಿಗೂ ಅನ್ವಯಿಸುವ ಕಾನೂನು ಇಲ್ಲ. ಬುಕ್ ಮಾಡುವಾಗ ನಿಮಗೆ ತೋರಿಸಿದ ಷರತ್ತು ಏನಿತ್ತು ಅನ್ನೋದೇ ಮೊದಲ ಆಧಾರ. "ಫ್ರೀ ಕ್ಯಾನ್ಸಲೇಷನ್ 10ನೇ ತಾರೀಖಿನವರೆಗೆ" ಅಂತ ಇದ್ರೆ 10ರ ಒಳಗೆ ರದ್ದು ಮಾಡಿದವರಿಗೆ ಪೂರ್ತಿ, 11ಕ್ಕೆ ಮಾಡಿದವರಿಗೆ ಕಡಿತ. ಇದರಲ್ಲಿ ಮೋಸ ಇಲ್ಲ. ರೂಮು ನಿಮಗಾಗಿ ಹಿಡಿದಿಟ್ಟವರಿಗೂ ನಷ್ಟ ಆಗುತ್ತೆ ಅನ್ನೋದನ್ನ ವ್ಯಾಪಾರ ಮಾಡೋ ನಮ್ಮೂರವರಿಗೆ ಬೇರೆ ಹೇಳಬೇಕಿಲ್ಲ.

ಆದ್ರೆ ಷರತ್ತಿನ ಹೆಸರಲ್ಲಿ ಏನು ಬೇಕಾದ್ರೂ ಮಾಡಬಹುದು ಅಂತಲೂ ಇಲ್ಲ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾನ್ಸಲ್ ಮಾಡಿದ್ದು ಯಾರು?

ಅವರೇ ಕ್ಯಾನ್ಸಲ್ ಮಾಡಿದ್ರೆ

ಹೋಟೆಲ್‌ನವರು "ರೂಮ್ ಖಾಲಿ ಇಲ್ಲ" ಅಂದ್ರು, ಟೂರ್ ಕಂಪನಿಯವರು "ಜನ ಸೇರಲಿಲ್ಲ" ಅಂದ್ರು, ವಿಮಾನ ಹಾರಲೇ ಇಲ್ಲ. ಇಲ್ಲಿ ನೀವು ದುಡ್ಡು ಕೊಟ್ಟಿದ್ದೀರಿ, ಅವರು ಸೇವೆ ಕೊಟ್ಟಿಲ್ಲ. ಇದು ಕಾಯ್ದೆಯ ಭಾಷೆಯಲ್ಲಿ ಸೇವಾ ನ್ಯೂನತೆ. ಪೂರ್ತಿ ಹಣ ಕೇಳೋದು ನಿಮ್ಮ ಹಕ್ಕು. ಕೊನೇ ಗಳಿಗೆಯಲ್ಲಿ ದುಬಾರಿ ರೂಮ್ ಹಿಡಿಯಬೇಕಾಗಿ ಬಂದಿದ್ರೆ ಆ ಹೆಚ್ಚುವರಿ ಖರ್ಚನ್ನೂ ಬಿಲ್ ಸಮೇತ ಪರಿಹಾರವಾಗಿ ಕೇಳಬಹುದು.

"ದುಡ್ಡು ಬೇಡ, ಮುಂದಿನ ಟ್ರಿಪ್‌ಗೆ ಕೂಪನ್ ಕೊಡ್ತೀವಿ" ಅಂತ ಹೇಳಿದ್ರೆ ಅವಸರದಲ್ಲಿ ಒಪ್ಪಬೇಡಿ. ಫೋನಲ್ಲಿ "ಆಯ್ತು" ಅಂದ್ರೂ, ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದ್ರೂ ಒಪ್ಪಿಗೆ ಕೊಟ್ಟಂತೆ ಅಂತ ಆಮೇಲೆ ವಾದ ಮಾಡ್ತಾರೆ. "ನನಗೆ ಹಣವೇ ವಾಪಸ್ ಬೇಕು" ಅಂತ ಬರಹದಲ್ಲಿ ಕಳಿಸಿ.

ನೀವು ಕ್ಯಾನ್ಸಲ್ ಮಾಡಿದ್ರೆ

ಮಗನ ಪರೀಕ್ಷೆ ಮುಂದಕ್ಕೆ ಹೋಯ್ತು, ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ, ಅಂಗಡಿ ಬಿಟ್ಟು ಬರೋಕೆ ಆಗ್ತಿಲ್ಲ. ಕಾರಣ ನಮ್ಮದು. ಹಾಗಾಗಿ ಷರತ್ತಿನಂತೆ ಸ್ವಲ್ಪ ಕಡಿತ ಆಗೋದು ಸಹಜ. ಆದ್ರೂ ನಿಮ್ಮ ಕೈಯಲ್ಲಿ ಮೂರು ಅಸ್ತ್ರ ಇದೆ.

ಒಂದು, 2020ರ ಇ-ಕಾಮರ್ಸ್ ನಿಯಮಗಳು. ಗ್ರಾಹಕ ರದ್ದು ಮಾಡಿದಾಗ ಆನ್‌ಲೈನ್ ಕಂಪನಿ ಕ್ಯಾನ್ಸಲೇಷನ್ ಚಾರ್ಜ್ ಹಾಕಬೇಕಂದ್ರೆ, ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದ್ದೇ ಚಾರ್ಜನ್ನು ತಾನೂ ಹೊರಬೇಕು. ಅಂದ್ರೆ "ನೀನು ರದ್ದು ಮಾಡಿದ್ರೆ ದಂಡ, ನಾನು ರದ್ದು ಮಾಡಿದ್ರೆ ಏನೂ ಇಲ್ಲ" ಅನ್ನೋ ಏಕಮುಖ ಷರತ್ತು ನಡೆಯಲ್ಲ. ದೂರಿನಲ್ಲಿ ಈ ಮಾತನ್ನ ಬರೆಯೋದು ಮರೀಬೇಡಿ.

ಎರಡು, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್. ಒಪ್ಪಂದ ಮುರಿದವರಿಂದ ನ್ಯಾಯವಾದಷ್ಟು ಪರಿಹಾರ ತಗೋಬಹುದು. ಕರಾರಿನಲ್ಲಿ ಬರೆದ ದಂಡದ ಮೊತ್ತ ಅದಕ್ಕೆ ಗರಿಷ್ಠ ಮಿತಿ ಅಷ್ಟೇ. ಅಷ್ಟೂ ಕೊಡಲೇಬೇಕು ಅಂತಿಲ್ಲ. ನೀವು ತಿಂಗಳ ಮುಂಚೆ ಬಿಟ್ಟ ರೂಮನ್ನು ಹೋಟೆಲ್‌ನವರು ಅದೇ ದಿನಕ್ಕೆ ಬೇರೆಯವರಿಗೆ ಕೊಟ್ಟು ದುಡ್ಡು ಮಾಡಿದ್ರೆ, ನಿಮ್ಮಿಂದಲೂ ಪೂರ್ತಿ ಹಿಡಿದಿಟ್ಟುಕೊಳ್ಳೋದನ್ನ ಪ್ರಶ್ನೆ ಮಾಡಬಹುದು.

ಮೂರು, ಗ್ರಾಹಕ ಕಾಯ್ದೆಯಲ್ಲೇ ಇರುವ "ಅನ್ಯಾಯದ ಒಪ್ಪಂದ" ಅನ್ನೋ ವ್ಯಾಖ್ಯಾನ. ಆದ ನಷ್ಟಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡ ದಂಡ ಹಾಕೋ ಷರತ್ತು ಇದರಲ್ಲಿ ಬರುತ್ತೆ. ಆದ್ರೆ ಒಂದು ವಿಷಯ ಗೊತ್ತಿರಲಿ: "ಷರತ್ತೇ ಅನ್ಯಾಯದ್ದು, ಅದನ್ನು ರದ್ದು ಮಾಡಿ" ಅಂತ ಕೇಳುವ ದೂರು ಜಿಲ್ಲಾ ಆಯೋಗದಲ್ಲಿ ನಡೆಯಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಅಂತ ಹಾಕುವ ದೂರಿಗೆ ಜಿಲ್ಲಾ ಆಯೋಗವೇ ಸಾಕು.

ಮಳೆ, ಗುಡ್ಡ ಕುಸಿತ, ಸರ್ಕಾರದ ಆದೇಶ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಏನಾಯ್ತು ಎಲ್ಲರಿಗೂ ನೆನಪಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯ್ತು. ಅದೇ ತಿಂಗಳ 30ಕ್ಕೆ ವಯನಾಡು. ಇಂಥ ಹೊತ್ತಲ್ಲಿ ತಪ್ಪು ಯಾರದ್ದೂ ಅಲ್ಲ. ಹಾಗಾದ್ರೆ ದುಡ್ಡು ಯಾರದ್ದು?

ಇಲ್ಲಿ ಎರಡು ಬೇರೆ ಬೇರೆ ಪರಿಸ್ಥಿತಿ ಇದೆ. ಜಿಲ್ಲಾಡಳಿತ ಪ್ರವಾಸಿಗರನ್ನು ನಿಷೇಧಿಸಿದೆ, ಅಥವಾ ರೆಸಾರ್ಟೇ ಮುಚ್ಚಿದೆ ಅಂದ್ರೆ ಆ ಸೇವೆ ಕೊಡೋದು ಅಸಾಧ್ಯ. ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ನೆರವೇರಿಸೋಕೆ ಆಗದ ಕರಾರು ಅನೂರ್ಜಿತ ಆಗುತ್ತೆ. 65ನೇ ಸೆಕ್ಷನ್ ಪ್ರಕಾರ ಅದರಡಿ ಪಡೆದ ಲಾಭವನ್ನು ವಾಪಸ್ ಕೊಡಬೇಕು. "ಪ್ರಕೃತಿ ವಿಕೋಪ, ನಮ್ಮ ಜವಾಬ್ದಾರಿ ಇಲ್ಲ" ಅಂತ ಮೇಲ್ ಬಂದ್ರೆ ಈ ಎರಡು ಸೆಕ್ಷನ್ ಹೆಸರು ಹೇಳಿ ಉತ್ತರ ಬರೆಯಿರಿ. ನಷ್ಟ ಪರಿಹಾರ ಕೊಡದೇ ಇರೋದು ಬೇರೆ, ಕೊಡದ ಸೇವೆಯ ದುಡ್ಡನ್ನ ಇಟ್ಕೊಳ್ಳೋದು ಬೇರೆ. ಜಿಲ್ಲಾಧಿಕಾರಿ ಆದೇಶದ ಪ್ರತಿ ಅಥವಾ ಪತ್ರಿಕೆಯಲ್ಲಿ ಬಂದ ವರದಿ ತೆಗೆದಿಟ್ಟುಕೊಳ್ಳಿ. ಅದೇ ಸಾಕ್ಷಿ.

ಇನ್ನೊಂದು, ಜಾಗ ತೆರೆದೇ ಇದೆ, ದಾರಿಯೂ ಇದೆ, ಆದ್ರೆ ಮಳೆಗೆ ಹೆದರಿ ನಾವು ಹೋಗಲಿಲ್ಲ. ಇದು ನೀವೇ ಕ್ಯಾನ್ಸಲ್ ಮಾಡಿದ ಲೆಕ್ಕಕ್ಕೆ ಬರುತ್ತೆ. ತಾರೀಖು ಬದಲಾಯಿಸಿಕೊಡಿ ಅಂತ ಕೇಳಬಹುದು, ಬಹಳ ಹೋಮ್‌ಸ್ಟೇಯವರು ಒಪ್ತಾರೆ. ಹಕ್ಕು ಅಂತ ಹಠ ಹಿಡಿಯೋದು ಕಷ್ಟ.

ಊಟಿಗೆ ಹೋಗೋರಿಗೆ ಒಂದು ಮಾತು. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಅಲ್ಲಿ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಪಾಸ್ ತಗೊಳ್ಳೋದು ಪ್ರವಾಸಿಗರ ಕೆಲಸ. ಪಾಸ್ ವಿಚಾರ ನೋಡಿಕೊಂಡು ಆಮೇಲೆ ರೂಮಿಗೆ ದುಡ್ಡು ಕಟ್ಟಿ.

ವಿಮಾನ: "ನಾನ್ ರಿಫಂಡಬಲ್" ಅಂದ್ರೂ ಪೂರ್ತಿ ಮುಳುಗಲ್ಲ

ಹುಬ್ಬಳ್ಳಿಯಿಂದ ವಿಮಾನ ಹತ್ತುವವರು ಇದನ್ನ ತಿಳ್ಕೊಳ್ಳಲೇಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ ನಿಯಮದಂತೆ, ಕ್ಯಾನ್ಸಲೇಷನ್ ಚಾರ್ಜ್ ಎಷ್ಟೇ ಹಾಕಿದ್ರೂ ಅದು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನು ಮೀರಬಾರದು. ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕದಂಥವು ವಾಪಸ್ ಬರಲೇಬೇಕು. ಆಫರ್ ಟಿಕೆಟ್ ಆಗಿರಲಿ, ನಾನ್ ರಿಫಂಡಬಲ್ ಆಗಿರಲಿ, ನೀವು ವಿಮಾನ ಹತ್ತದೇ ಇದ್ದಿರಲಿ, ಇದು ಅನ್ವಯಿಸುತ್ತೆ.

ಲೆಕ್ಕ ಹಾಕಿ ನೋಡಿ. ಒಬ್ಬರ ಟಿಕೆಟ್ 4,800 ರೂ. ಅಂತ ಇಟ್ಕೊಳ್ಳಿ. ಅದರಲ್ಲಿ ಮೂಲ ದರ ಮತ್ತು ಇಂಧನದ್ದು 3,700, ಉಳಿದ 1,100 ತೆರಿಗೆ ಮತ್ತು ನಿಲ್ದಾಣದ ಶುಲ್ಕ. ಮನೆಯ 4 ಜನ ಹೋಗಲಿಲ್ಲ ಅಂದ್ರೆ, "ಒಂದು ರೂಪಾಯಿಯೂ ಬರಲ್ಲ" ಅನ್ನೋ ಟಿಕೆಟ್‌ನಲ್ಲೂ 4,400 ರೂ. ನಿಮ್ಮದು. ಬಹಳ ಜನ "ಹೋಗ್ಲಿ ಬಿಡು" ಅಂತ ಆ್ಯಪ್‌ನಲ್ಲಿ ಕ್ಯಾನ್ಸಲ್ ಬಟನ್ ಕೂಡ ಒತ್ತಲ್ಲ. ಒತ್ತಿ. ಟಿಕೆಟ್ ಬಿಲ್‌ನಲ್ಲಿ ಈ ಎಲ್ಲಾ ಬಾಬ್ತು ಬೇರೆ ಬೇರೆ ಬರೆದಿರುತ್ತೆ, ಅದನ್ನ ಇಟ್ಕೊಂಡು ಕೇಳಿ. ಬುಕಿಂಗ್ ಆ್ಯಪ್‌ನವರು ಹಾಕೋ ಕನ್ವೀನಿಯನ್ಸ್ ಫೀ ಮಾತ್ರ ಸಾಮಾನ್ಯವಾಗಿ ವಾಪಸ್ ಬರಲ್ಲ.

ಇನ್ನೆರಡು ವಿಷಯ. ಆ್ಯಪ್ ಅಥವಾ ಏಜೆಂಟ್ ಮೂಲಕ ಟಿಕೆಟ್ ತಗೊಂಡಿದ್ರೂ ರಿಫಂಡ್ ಜವಾಬ್ದಾರಿ ವಿಮಾನ ಕಂಪನಿಯದ್ದೇ, ಯಾಕಂದ್ರೆ ಏಜೆಂಟರು ಅವರ ಪ್ರತಿನಿಧಿಗಳು. ಹಾಗೇ ಹಣವನ್ನು "ಕ್ರೆಡಿಟ್ ಶೆಲ್" ಅಂತ ಮುಂದಿನ ಪ್ರಯಾಣಕ್ಕೆ ಇಡೋದು ಪ್ರಯಾಣಿಕರ ಇಷ್ಟ. ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ.

ಕಂಪನಿಯೇ ವಿಮಾನ ರದ್ದು ಮಾಡಿದ್ರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ದೇಶದ ಉದ್ದಗಲಕ್ಕೂ ರದ್ದಾದಾಗ, ಡಿಸೆಂಬರ್ 7ರ ರಾತ್ರಿ 8ರೊಳಗೆ ಬಾಕಿ ರಿಫಂಡ್ ಎಲ್ಲಾ ಮುಗಿಸಬೇಕು ಅಂತ ವಿಮಾನಯಾನ ಸಚಿವಾಲಯವೇ ಗಡುವು ಹಾಕಿತ್ತು.

ರೈಲಿನದ್ದು ಇನ್ನೂ ಸರಳ. ಐಆರ್‌ಸಿಟಿಸಿಯಲ್ಲಿ ಮಾಡಿದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ್ರೆ ಅದು ತಾನಾಗಿ ರದ್ದಾಗಿ ಹಣ ಬರುತ್ತೆ. ರೈಲು 3 ಗಂಟೆಗಿಂತ ಹೆಚ್ಚು ತಡ ಆಗಿ ನೀವು ಪ್ರಯಾಣ ಮಾಡದಿದ್ರೆ, ಆ ರೈಲು ನಿಮ್ಮ ಸ್ಟೇಷನ್‌ನಿಂದ ಹೊರಡೋ ಮುಂಚೆ ಆನ್‌ಲೈನ್‌ನಲ್ಲಿ ಟಿಡಿಆರ್ ಹಾಕಿ. ಮನೆಗೆ ಬಂದು ನಿಧಾನಕ್ಕೆ ಹಾಕೋಣ ಅಂದ್ರೆ ಕೈ ತಪ್ಪುತ್ತೆ.

ಬುಕ್ ಮಾಡುವಾಗಲೇ ನಡೆಯೋ ಆಟಗಳು

"ಇನ್ನು 1 ರೂಮ್ ಮಾತ್ರ ಬಾಕಿ!", "ಈಗ 23 ಜನ ಇದನ್ನೇ ನೋಡ್ತಿದ್ದಾರೆ!" ಅಂತ ಕೆಂಪಕ್ಷರದಲ್ಲಿ ಬರುತ್ತಲ್ಲ, ಅದು ಸುಳ್ಳಾಗಿದ್ರೆ ಕಾನೂನುಬಾಹಿರ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಂದ್ರೆ ಸಿಸಿಪಿಎ, ಇಂಥ 13 ಬಗೆಯ "ಡಾರ್ಕ್ ಪ್ಯಾಟರ್ನ್"ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಪ್ರವಾಸದ ಬುಕಿಂಗ್‌ನಲ್ಲಿ ಸಾಮಾನ್ಯವಾಗಿ ಕಾಣೋದು ಇವು:

• ಸುಳ್ಳು ಅವಸರ: ರೂಮು ಬೇಕಾದಷ್ಟಿದ್ರೂ "ಕೊನೇದು" ಅಂತ ಹೆದರಿಸೋದು.
• ಬುಟ್ಟಿಗೆ ತುರುಕೋದು: ನೀವು ಕೇಳದೇ ಇದ್ರೂ ಇನ್ಶೂರೆನ್ಸ್, ದೇಣಿಗೆ ಅಂತ ಬಿಲ್‌ಗೆ ಸೇರಿಸೋದು.
• ತೊಟ್ಟಿಕ್ಕೋ ದರ: ಮೊದಲು 1,999 ತೋರಿಸಿ, ದುಡ್ಡು ಕಟ್ಟೋ ಹೊತ್ತಿಗೆ 2,700 ಮಾಡೋದು.
• ನಾಚಿಕೆ ಹುಟ್ಟಿಸೋದು: "ಬೇಡ, ನನಗೆ ಕುಟುಂಬದ ಸುರಕ್ಷತೆ ಮುಖ್ಯವಲ್ಲ" ಅನ್ನೋ ಥರದ ಬಟನ್.

ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆ ಅಲ್ಲ ಅಂತ 2020ರ ಇ-ಕಾಮರ್ಸ್ ನಿಯಮವೂ ಹೇಳುತ್ತೆ. ಹೀಗೆ ಕಂಡಾಗ ಸ್ಕ್ರೀನ್‌ಶಾಟ್ ತೆಗೆದಿಡಿ. ಅದಕ್ಕಿಂತ ಮುಖ್ಯವಾಗಿ, ದುಡ್ಡು ಕಟ್ಟೋ ಮುಂಚೆ ಕ್ಯಾನ್ಸಲೇಷನ್ ಷರತ್ತಿನ ಪುಟದ ಸ್ಕ್ರೀನ್‌ಶಾಟ್ ಇರಲಿ. ಆಮೇಲೆ ಆ ಪುಟ ಬದಲಾಗಿರಬಹುದು, ನಿಮ್ಮ ಫೋಟೋ ಬದಲಾಗಲ್ಲ.

ಸೈಬರ್ ಸೆಂಟರ್, ಮೊಬೈಲ್ ಅಂಗಡಿಯವರು ಓದಲೇಬೇಕಾದ್ದು

ನಮ್ಮ ತಾಲೂಕುಗಳಲ್ಲಿ ಅರ್ಧ ಬುಕಿಂಗ್ ನಡೆಯೋದೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗಳಲ್ಲಿ. ಅಂಗಡಿಯವರ ಫೋನ್ ನಂಬರ್, ಅಂಗಡಿಯವರ ಇ-ಮೇಲ್, ಅಂಗಡಿಯವರದ್ದೇ ಯುಪಿಐ. ಗಿರಾಕಿ ಕ್ಯಾಶ್ ಕೊಟ್ಟು ಪ್ರಿಂಟ್ ತಗೊಂಡು ಹೋಗ್ತಾರೆ. ಕ್ಯಾನ್ಸಲ್ ಆದಾಗ ತೊಂದರೆ ಶುರು. ಮೆಸೇಜ್ ಬರೋದು ಅಂಗಡಿಗೆ, ಒಟಿಪಿ ಬರೋದು ಅಂಗಡಿಗೆ, ರಿಫಂಡ್ ಬರೋದೂ ಅಂಗಡಿಯ ಖಾತೆಗೆ. ಹಣ ಬಂದಿಲ್ಲ ಅಂದ್ರೆ ಗಿರಾಕಿಗೆ ಅಂಗಡಿಯವರ ಮೇಲೆ ಅನುಮಾನ, ಅಂಗಡಿಯವರಿಗೆ ಮುಜುಗರ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಬುಕಿಂಗ್‌ಗೆ ಗಿರಾಕಿಯ ನಂಬರ್ ಹಾಕಿ. ಆದಷ್ಟು ಗಿರಾಕಿಯ ಯುಪಿಐಯಿಂದಲೇ ಪಾವತಿ ಮಾಡಿಸಿ. ಟಿಕೆಟ್ ದರ ಎಷ್ಟು, ನಿಮ್ಮ ಸೇವಾ ಶುಲ್ಕ ಎಷ್ಟು ಅಂತ ಬೇರೆ ಬೇರೆ ಬರೆದು ಚೀಟಿ ಕೊಡಿ. ನಿಮ್ಮ ಖಾತೆಗೆ ರಿಫಂಡ್ ಬಂದ ದಿನವೇ ಗಿರಾಕಿಗೆ ಕಳಿಸಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಶುಲ್ಕ ತಗೊಂಡು ಬುಕ್ ಮಾಡಿಕೊಡೋ ನೀವೂ ಕಾಯ್ದೆಯ ಪ್ರಕಾರ ಸೇವೆ ಕೊಡುವವರೇ, ನಿಮ್ಮ ಮೇಲೂ ದೂರು ಬರಬಹುದು. ರೈಲ್ವೆ ಟಿಕೆಟನ್ನಂತೂ ಸ್ವಂತ ಐಡಿಯಲ್ಲಿ ಮಾಡಿ ಲಾಭಕ್ಕೆ ಮಾರಬೇಡಿ. ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅದು 3 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಇ-ಟಿಕೆಟ್‌ಗೂ ಇದು ಅನ್ವಯ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕಿದ್ರೆ ಅಧಿಕೃತ ಏಜೆಂಟ್ ಲೈಸೆನ್ಸ್ ತಗೊಳ್ಳಿ.

ಅಂಗಡಿ ಮಾಲೀಕರಿಗೆ ಇನ್ನೊಂದು ಕಿವಿಮಾತು. ಮನೆಯವರ ಪ್ರವಾಸಕ್ಕೆ ರೂಮ್ ಬುಕ್ ಮಾಡುವಾಗ ತೆರಿಗೆ ಉಳಿಯುತ್ತೆ ಅಂತ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಬೇಡಿ. ವ್ಯಾಪಾರದ ಉದ್ದೇಶಕ್ಕೆ ತಗೊಂಡ ಸೇವೆಗೆ ಗ್ರಾಹಕ ಕಾಯ್ದೆಯ ರಕ್ಷಣೆ ಸಾಮಾನ್ಯವಾಗಿ ಸಿಗಲ್ಲ. "ಇವರು ಗ್ರಾಹಕರೇ ಅಲ್ಲ" ಅಂತ ಎದುರಿನ ವಕೀಲರು ತಕರಾರು ತೆಗೆಯೋಕೆ ನೀವೇ ದಾರಿ ಮಾಡಿಕೊಟ್ಟಂಗಾಗುತ್ತೆ.

ದುಡ್ಡು ಬರಲಿಲ್ಲ, ಈಗೇನು?

ಹೆಜ್ಜೆ 1: ಬರಹದಲ್ಲಿ ಕೇಳಿ. ಫೋನಲ್ಲಿ ಎಷ್ಟು ಸಲ ಮಾತಾಡಿದ್ರೂ ಸಾಕ್ಷಿ ಉಳಿಯಲ್ಲ. ಪ್ರತಿ ಆನ್‌ಲೈನ್ ಕಂಪನಿ ದೂರು ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತನ್ನ ಸೈಟಿನಲ್ಲಿ ಹಾಕಿರಲೇಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, 1 ತಿಂಗಳೊಳಗೆ ಪರಿಹಾರ ಅಂತ ನಿಯಮ ಇದೆ. ಮೇಲ್ ಹೀಗಿದ್ರೆ ಸಾಕು:

"ನಾನು ಇಂಥ ದಿನಾಂಕದಂದು ಇಂಥ ಬುಕಿಂಗ್ ನಂಬರಿನಲ್ಲಿ ಇಷ್ಟು ರೂಪಾಯಿ ಪಾವತಿಸಿದ್ದೇನೆ. ಇಂಥ ದಿನ, ಇಂಥ ಕಾರಣಕ್ಕೆ ಬುಕಿಂಗ್ ರದ್ದಾಗಿದೆ. ಬುಕ್ ಮಾಡುವಾಗ ತೋರಿಸಿದ ಷರತ್ತಿನಂತೆ ನನಗೆ ಇಷ್ಟು ಹಣ ವಾಪಸ್ ಬರಬೇಕು. ಕೂಪನ್, ವಾಲೆಟ್ ಬೇಡ. ಪಾವತಿಸಿದ ಖಾತೆಗೇ ಜಮಾ ಮಾಡಿ. ಇತ್ಯರ್ಥ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾವೇರಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಹೆಜ್ಜೆ 2: ಬ್ಯಾಂಕ್. ಕಾರ್ಡಿನಲ್ಲಿ ಕಟ್ಟಿದ್ರೆ ಬ್ಯಾಂಕಿಗೆ ಹೇಳಿ "ಚಾರ್ಜ್‌ಬ್ಯಾಕ್" ಕೇಳಬಹುದು. ಅದಕ್ಕೆ ಕಾಲಮಿತಿ ಇರುತ್ತೆ, ತಡ ಮಾಡಬೇಡಿ. ಯುಪಿಐನಲ್ಲಿ ದುಡ್ಡು ಕಟ್ ಆಗಿ ಬುಕಿಂಗ್ ಆಗಲೇ ಇಲ್ಲ ಅಂದ್ರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂ. ಪರಿಹಾರ. ಇದು ಬ್ಯಾಂಕಿಗೆ ಕೇಳಬೇಕಾದ್ದು, ಹೋಟೆಲ್‌ಗಲ್ಲ.

ಹೆಜ್ಜೆ 3: 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸ್ತಾರೆ. ಇದು ಕೋರ್ಟ್ ಅಲ್ಲ, ಆದೇಶ ಮಾಡೋ ಅಧಿಕಾರ ಇಲ್ಲ. ಆದ್ರೂ ನಿಮ್ಮ ಒಂದು ದೂರು ವ್ಯರ್ಥ ಅಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಕೋವಿಡ್ ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ಬಗ್ಗೆ ಈ ಸಹಾಯವಾಣಿಗೆ ಬಂದ ದೂರುಗಳ ಮೇಲೆ ಸಿಸಿಪಿಎ ಸ್ವಯಂಪ್ರೇರಿತವಾಗಿ ವಿಚಾರಣೆ ಶುರು ಮಾಡಿತು. ಯಾತ್ರಾ ಅನ್ನೋ ಒಂದೇ ಬುಕಿಂಗ್ ಕಂಪನಿಯಲ್ಲಿ 2021ರಲ್ಲಿ 36,276 ಬುಕಿಂಗ್‌ಗಳ 26 ಕೋಟಿ ರೂಪಾಯಿಗೂ ಹೆಚ್ಚು ಹಣ ಬಾಕಿ ಇತ್ತು. 2024ರ ಜೂನ್ ಹೊತ್ತಿಗೆ ಅದು 4,837 ಬುಕಿಂಗ್, ಸುಮಾರು 2.5 ಕೋಟಿಗೆ ಇಳೀತು. ಉಳಿದದ್ದನ್ನೂ ಕೊಡಿ ಅಂತ ಆ ತಿಂಗಳು ಆದೇಶ ಆಯ್ತು. ಮೂರು ವರ್ಷ ಹಿಡೀತು ನಿಜ. ಆದ್ರೆ ಜನ ಕೇಳದೇ ಇದ್ದಿದ್ರೆ ಆ ವಿಚಾರಣೆಯೇ ನಡೀತಿರಲಿಲ್ಲ.

ಹೆಜ್ಜೆ 4: ಜಿಲ್ಲಾ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿನ ದೂರುಗಳು ಇಲ್ಲೇ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ದೂರು ಪತ್ರ, ಅಫಿಡವಿಟ್, ಬುಕಿಂಗ್ ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೇಲ್‌ಗಳು, ಸ್ಕ್ರೀನ್‌ಶಾಟ್‌ಗಳು, ಗುರುತಿನ ಚೀಟಿ ಬೇಕು. ಇ-ಜಾಗೃತಿ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗೋಕೆ ಅನುಮತಿ ಕೇಳೋ ಅವಕಾಶವೂ ಕಾಯ್ದೆಯಲ್ಲಿದೆ.

ದೂರಿನಲ್ಲಿ ಹೋಟೆಲ್ ಮತ್ತು ಬುಕಿಂಗ್ ಆ್ಯಪ್ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದ್ರೆ "ನಾವು ಬರೀ ಮಧ್ಯವರ್ತಿ, ಹೋಟೆಲ್‌ನವರನ್ನ ಕೇಳಿ" ಅಂತ ಆ್ಯಪ್‌ನವರು, "ದುಡ್ಡು ಆ್ಯಪ್‌ನವರ ಹತ್ರ ಇದೆ" ಅಂತ ಹೋಟೆಲ್‌ನವರು ಚೆಂಡು ಆಡಿಸ್ತಾರೆ. ರಿಫಂಡ್ ಜೊತೆಗೆ ಬಡ್ಡಿ, ಆದ ತೊಂದರೆಗೆ ಪರಿಹಾರ, ಕೇಸಿನ ಖರ್ಚನ್ನೂ ಕೇಳಬಹುದು. ಆದೇಶ ಆದ ಮೇಲೂ ಕೊಡದಿದ್ರೆ ಕಾಯ್ದೆಯ 72ನೇ ಸೆಕ್ಷನ್‌ನಲ್ಲಿ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000 ದಿಂದ 1 ಲಕ್ಷ ರೂ. ವರೆಗೆ ದಂಡ, ಅಥವಾ ಎರಡೂ ಆಗಬಹುದು.

3 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯಬಹುದು, ತಾಳ್ಮೆ ಬೇಕು. 800 ರೂಪಾಯಿ ಕಡಿತಕ್ಕೆ ಅಲ್ಲಿಗೆ ಹೋಗಬೇಕಾ ಅನ್ನೋದು ನಿಮ್ಮ ಲೆಕ್ಕಾಚಾರ. 20-30 ಸಾವಿರ ಸಿಕ್ಕಿಹಾಕಿಕೊಂಡಿದ್ರೆ ಬಿಡೋದು ಸರಿಯಲ್ಲ.

ರಿಫಂಡ್ ಹುಡುಕಿ ಇನ್ನೊಂದು ಗುಂಡಿಗೆ ಬೀಳಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಹಣ ಬಂದಿಲ್ಲ ಅಂತ ಸಿಟ್ಟಲ್ಲಿ ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಅಂತ ಹುಡುಕಿದ್ರೆ ಮೊದಲು ಕಾಣೋ ನಂಬರ್ ಕಳ್ಳರದ್ದೇ ಆಗಿರಬಹುದು. ಅವರು ಬಹಳ ವಿನಯದಿಂದ ಮಾತಾಡ್ತಾರೆ. "ರಿಫಂಡ್ ಕಳಿಸ್ತೀವಿ, ಈ ಆ್ಯಪ್ ಹಾಕ್ಕೊಳ್ಳಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ" ಅಂತಾರೆ. ಅಲ್ಲಿಗೆ ಖಾತೆ ಖಾಲಿ. ಒಂದು ಮಾತು ನೆನಪಿಡಿ: ಹಣ ಪಡೆಯೋಕೆ ಯುಪಿಐ ಪಿನ್ ಬೇಡವೇ ಬೇಡ. ಪಿನ್ ಬೇಕಾಗೋದು ಹಣ ಕಳಿಸೋಕೆ. ನಂಬರನ್ನು ಬುಕಿಂಗ್ ಆ್ಯಪ್‌ನ ಒಳಗಿಂದ ಅಥವಾ ನಿಮ್ಮ ಟಿಕೆಟ್ ಮೇಲಿಂದ ಮಾತ್ರ ತಗೊಳ್ಳಿ.

ಬುಕಿಂಗ್ ಸೈಟೇ ನಕಲಿ ಆಗಿರೋದೂ ಉಂಟು. ಚಾರ್‌ಧಾಮ್ ಹೆಲಿಕಾಪ್ಟರ್, ಯಾತ್ರಿ ನಿವಾಸ, ರಜೆ ಪ್ಯಾಕೇಜ್ ಹೆಸರಲ್ಲಿ ನಕಲಿ ವೆಬ್‌ಸೈಟ್, ಫೇಸ್‌ಬುಕ್ ಪೇಜ್‌ಗಳು ಹುಟ್ಟಿಕೊಂಡಿವೆ ಅಂತ ಕೇಂದ್ರ ಗೃಹ ಸಚಿವಾಲಯದ ಸೈಬರ್ ವಿಭಾಗ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕಂಪನಿ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರಿನ ಯುಪಿಐಗೆ ಪೂರ್ತಿ ಹಣ ಮುಂಗಡ ಕೇಳಿದ್ರೆ ಅಲ್ಲೇ ನಿಲ್ಲಿಸಿ. ಮೋಸ ಆಗಿದೆ ಅಂತ ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳ್ತೀರೋ ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು. ಇದಕ್ಕೆ ಗ್ರಾಹಕ ಆಯೋಗಕ್ಕಿಂತ ಮೊದಲು ಪೊಲೀಸ್ ದಾರಿ.

ಕೈಯಲ್ಲಿ ಇಟ್ಕೊಳ್ಳಬೇಕಾದ್ದು ಇಷ್ಟು

ಬುಕ್ ಮಾಡೋ ಮುಂಚೆ ಷರತ್ತಿನ ಸ್ಕ್ರೀನ್‌ಶಾಟ್, ಸ್ವಂತ ನಂಬರ್, ಸ್ವಂತ ಖಾತೆ. ರದ್ದಾದ ದಿನವೇ ಒಂದು ಮೇಲ್. ಒಂದು ತಿಂಗಳು ಕಾದು ಉತ್ತರ ಇಲ್ಲ ಅಂದ್ರೆ 1915. ಅಲ್ಲೂ ಆಗಲಿಲ್ಲ ಅಂದ್ರೆ ಹಾವೇರಿ ಆಯೋಗ, 2 ವರ್ಷ ಮುಗಿಯೋದ್ರೊಳಗೆ.

ಅಂಗಡಿಯಲ್ಲಿ 50 ರೂಪಾಯಿ ಲೆಕ್ಕ ತಪ್ಪಿದ್ರೆ ರಾತ್ರಿ ಕೂತು ಹುಡುಕೋ ಜನ ನಾವು. 20 ಸಾವಿರವನ್ನ "ಆನ್‌ಲೈನ್ ಅಲ್ವಾ" ಅಂತ ಬಿಟ್ಟುಬಿಡೋದು ಯಾಕೆ? ದೂರದ ಕಂಪನಿಯವರು ಹಾವೇರಿಗೆ ಬಂದು ಉತ್ತರ ಕೊಡುವಂತೆ ಮಾಡೋ ಕಾನೂನು ನಮ್ಮ ಕೈಯಲ್ಲಿದೆ. ಕಾಗದ ಜೋಡಿಸಿಟ್ಟುಕೊಂಡು ಕೇಳಬೇಕು, ಅಷ್ಟೇ.